ಕಪ್ಪುಕುಳಿಯ ಗಂಟೆ

ಕೇಳುಗರೇ, ಗುಡ್ಡಾಪುರದ ದಾನಮ್ಮದೇವಿಯ ಗುಡಿಯಲ್ಲಿ ಗಂಟೆ ಬಾರಿಸಿದ್ದೀರಲ್ಲ? ಹೊಡೆತ ಒಂದೇ, ನಾದ ಸಣ್ಣಗಾಗುತ್ತ ಹೋಗಿ ಅಡಗುತ್ತದೆ. ಕಣ್ಣು ಮುಚ್ಚಿಕೊಂಡು ಕೇಳಿದರೂ ಗಂಟೆ ದೊಡ್ಡದೋ ಚಿಕ್ಕದೋ ಹೇಳಬಹುದು.

ಬೆಳಕನ್ನೂ ಹೊರಗೆ ಬಿಡದ ಕಪ್ಪುಕುಳಿಯನ್ನು, ಮರಾಠಿ ಶಾಲೆಯ ನಮ್ಮ ಮಕ್ಕಳು ‘ಕೃಷ್ಣವಿವರ’ ಎನ್ನುತ್ತಾರಲ್ಲ, ಅದನ್ನು ಅರಿಯುವುದು ಹೇಗೆ? ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರು ಅಮೆರಿಕದಲ್ಲಿದ್ದಾಗ ಲೆಕ್ಕದಲ್ಲೇ ಅದಕ್ಕೆ ಗುರುತ್ವದ ಅಲೆಯೊಂದನ್ನು ಬಡಿದು ನೋಡಿದರು. ಗುರುತ್ವದ ಅಲೆ ಎಂದರೆ ಸದ್ದಲ್ಲ, ಜಾಗವೇ ಹಿಗ್ಗಿ ಕುಗ್ಗುವ ನಡುಕ. ಕುಳಿ ಗಂಟೆಯಂತೆಯೇ ಮಿಡಿದು ಬೇಗನೆ ಅಡಗಿತು. ಆ ಮಿಡಿತದ ಶ್ರುತಿ ಹೊಡೆತದ್ದಲ್ಲ, ಕುಳಿಯದೇ: ತೂಕ ಹೆಚ್ಚಿದಷ್ಟೂ ಶ್ರುತಿ ತಗ್ಗು. ಇದು 1970ರ ಮಾತು. ಕಪ್ಪುಕುಳಿ ನಿಜವಾಗಿ ಇದೆಯೋ ಇಲ್ಲವೋ ಎಂದೇ ಆಗ ಅನುಮಾನವಿತ್ತು!

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳಿಗೆ ಅಂಥ ಅಲೆ ತಾಗಿತು. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕುಳಿಗಳು ಡಿಕ್ಕಿ ಹೊಡೆದು ಒಂದಾಗಿದ್ದವು. ಅಲೆಯ ಕೊನೆಯಲ್ಲಿ ಅದೇ ಅಡಗುವ ಮಿಡಿತ. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ವಿಶ್ವೇಶ್ವರ ಅವರು ಇದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು.

ಇಂಥದೇ ಯಂತ್ರವನ್ನು ನಮ್ಮ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ, ಔಂಢಾ ನಾಗನಾಥದ ಬಳಿ ಕಟ್ಟಲು 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದರ ಎರಡು ತೋಳುಗಳು ತಲಾ 4 ಕಿಲೋಮೀಟರ್ ಉದ್ದ ಇರಲಿವೆ.