ಹಳೇ ಪಿಕಪ್‌ಗೆ ಹೊಸ ದಮ್ಮು

ಬಂಗಾರಪೇಟೆ ಸುತ್ತಮುತ್ತ ಟೊಮೆಟೊ ಬೆಳೆಯುವ ಯಾವ ಹಳ್ಳಿಗೆ ಹೋದರೂ ಒಂದು ದೂರು ಕೇಳಿಸುತ್ತದೆ: ‘ಗಾಡಿಗೆ ಪಿಕಪ್ಪೇ ಇಲ್ಲ’. ತಮಾಷೆ ಎಂದರೆ ಆ ಗಾಡಿಯ ಹೆಸರೇ ಪಿಕಪ್. ಹತ್ತು ಹದಿನೈದು ವರ್ಷ ಟೊಮೆಟೊ, ಮೇವು, ಇಟ್ಟಿಗೆ ಹೊತ್ತು ದಣಿದ ಈ ಗಾಡಿಗಳು ಏರು ಬಂದ ಕೂಡಲೇ ಎರಡನೇ ಗೇರಿಗೆ ಇಳಿದು, ಕಪ್ಪು ಹೊಗೆ ಬಿಟ್ಟು ಏದುಸಿರು ಬಿಡುತ್ತವೆ. ಆಗ ಮಾಲೀಕರ ಮುಂದೆ ಮೂರು ದಾರಿ. ಸಾಲ ಮಾಡಿ ಹೊಸ ಗಾಡಿ ತರುವುದು, ಗುಜರಿಯಿಂದ ದೊಡ್ಡ ಎಂಜಿನ್ ತಂದು ಕೂರಿಸುವುದು, ಇಲ್ಲವೇ ಇರುವ ಎಂಜಿನ್ನನ್ನೇ ಬಿಚ್ಚಿ ಕಟ್ಟುವುದು.

ನಮ್ಮ ಚಿಕ್ಕಪ್ಪನದು 2006ನೇ ಮಾಡೆಲ್ ಮಹೀಂದ್ರ ಪಿಕಪ್. ಕಾಮನ್ ರೈಲ್ ಬರುವ ಮುಂಚಿನ ಪಂಪ್ ಎಂಜಿನ್. ನಾಲ್ಕು ಸಿಲಿಂಡರ್, 2523 ಸಿಸಿ. ಹೊಸದಿದ್ದಾಗ 63 ಎಚ್‌ಪಿ. ಬೆಳಗಿನ ಜಾವ ಕೋಲಾರ ಎಪಿಎಂಸಿ ತಲುಪುವುದು ತಡವಾದರೆ ಹರಾಜು ಅರ್ಧ ಮುಗಿದಿರುತ್ತದೆ. ಬಾಕ್ಸಿಗೆ ಇಪ್ಪತ್ತು ರೂಪಾಯಿ ಕಡಿಮೆಯಾದರೂ 80 ಬಾಕ್ಸಿಗೆ 1600 ರೂಪಾಯಿ ಹೋಯಿತು. ಸಾಲಕ್ಕೆ ಅವರು ಒಪ್ಪಲಿಲ್ಲ, ತಂಗಿಯ ಪಿಯುಸಿ ಫೀಸ್ ಎದುರಿಗಿತ್ತು. ದೊಡ್ಡ ಎಂಜಿನ್ ಹಾಕಿಸುವ ಆಸೆ ಮಾತ್ರ ಬಲವಾಗಿತ್ತು. ‘ನೀನು ಮೆಕ್ಯಾನಿಕಲ್ ಓದ್ತಿದೀಯಲ್ಲ, ಲೆಕ್ಕ ಹಾಕಿ ಹೇಳು’ ಅಂದರು.

ಲೆಕ್ಕ ಹಾಕಿದೆ. ಗಾಡಿಯ ತೂಕ, ಇಬ್ಬರು ಮನುಷ್ಯರು, 15 ಕೆ.ಜಿ.ಯ 80 ಬಾಕ್ಸ್ ಸೇರಿದರೆ ಹೆಚ್ಚೂಕಡಿಮೆ 3 ಟನ್. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ 40 ಕಿ.ಮೀ. ವೇಗ ಕಾಯ್ದುಕೊಳ್ಳಲು ಚಕ್ರದ ಬಳಿ ಬೇಕಾದ ಪವರ್ ಸುಮಾರು 30 ಎಚ್‌ಪಿ. ಅಂದರೆ 63 ಎಚ್‌ಪಿಯ ಎಂಜಿನ್ ಆರೋಗ್ಯವಾಗಿದ್ದರೆ, ಗೇರ್‌ಬಾಕ್ಸ್, ಆಕ್ಸಲ್‌ಗಳಲ್ಲಿ ಒಂದಿಷ್ಟು ಸೋರಿದರೂ, ಈ ಏರು ದೊಡ್ಡ ವಿಷಯವಲ್ಲ. ಪಲಮನೇರು, ಚಿತ್ತೂರು ನಡುವಿನ ಮೊಗಿಲಿ ಘಾಟಿಯನ್ನೂ ಮರ್ಯಾದೆಯಿಂದ ಹತ್ತಬೇಕು. ಹತ್ತುತ್ತಿಲ್ಲ ಅಂದರೆ ಎಂಜಿನ್ ಚಿಕ್ಕದು ಅಂತಲ್ಲ, ಇದ್ದದ್ದು ಎಲ್ಲೋ ಹೋಗಿದೆ ಅಂತ.

ಬಂಗಾರಪೇಟೆಯ ಮೆಕ್ಯಾನಿಕ್ ಅಣ್ಣ ಇದನ್ನೇ ಲೆಕ್ಕವಿಲ್ಲದೆ ಹೇಳಿದರು: ‘ಮೊದ್ಲು ಇರೋ ಪವರ್ ಎಲ್ಲೋಯ್ತು ನೋಡಪ್ಪ, ಆಮೇಲೆ ಜಾಸ್ತಿ ಕೇಳು.’

ಅವರು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಸ್ಪ್ಯಾನರ್ ಹಿಡಿದು, ಪಂಪಿನಿಂದ ನಾಜಲ್‌ಗೆ ಹೋಗುವ ಡೀಸೆಲ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿದರು. ಮೊದಲನೆಯದನ್ನು ಸಡಿಲಿಸಿದಾಗ ಎಂಜಿನ್ ತತ್ತರಿಸಿತು. ಬಿಗಿ ಮಾಡಿ ಎರಡನೆಯದು. ಮತ್ತೆ ತತ್ತರ. ಮೂರನೆಯದನ್ನು ಸಡಿಲಿಸಿದರೆ ಶಬ್ದದಲ್ಲಿ ವ್ಯತ್ಯಾಸವೇ ಇಲ್ಲ. ಆ ಸಿಲಿಂಡರ್ ಇದ್ದೂ ಇಲ್ಲದಂತೆ; ಉಳಿದ ಮೂರು ಅದನ್ನೂ ಎಳೆದುಕೊಂಡು ಓಡುತ್ತಿದ್ದವು. ವಿಟಿಯು ಎನರ್ಜಿ ಕನ್ವರ್ಷನ್ ಲ್ಯಾಬ್ ಮಾಡಿದವರಿಗೆ ಇದು ಗೊತ್ತು, ಹೆಸರು ಮೋರ್ಸ್ ಟೆಸ್ಟ್. ಒಂದೊಂದೇ ಸಿಲಿಂಡರನ್ನು ಬಂದ್ ಮಾಡಿ, ಪವರ್ ಎಷ್ಟು ಇಳಿಯಿತು ಎಂದು ಅಳೆದು, ಆ ಸಿಲಿಂಡರಿನ ಪಾಲು ಕಂಡುಹಿಡಿಯುವುದು. ನಾವು ಡೈನಮೊಮೀಟರ್ ಮುಂದೆ ನಿಂತು ರೆಕಾರ್ಡ್ ಬುಕ್ ತುಂಬಿಸಿದ್ದನ್ನು ಅವರು ಕಿವಿಯಲ್ಲೇ ಮಾಡಿದರು. (ಮನೆಯಲ್ಲಿ ಪ್ರಯತ್ನಿಸುವವರಿಗೆ ಒಂದು ಮಾತು: ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಆ ಪೈಪಿನ ಒತ್ತಡ ಚರ್ಮ ಸೀಳಿ ಡೀಸೆಲ್ಲನ್ನು ಒಳಗೆ ನುಗ್ಗಿಸುತ್ತದೆ.)

ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದರು. ಒಳಗಿನಿಂದ ಬುಸುಬುಸು ಹೊಗೆ. ಪಿಸ್ಟನ್ ರಿಂಗ್ ಸವೆದು, ಉರಿದ ಗಾಳಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತಿತ್ತು. ಏರ್ ಫಿಲ್ಟರಿನಲ್ಲಿ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು, ಟರ್ಬೊ ಹೋಸ್ ಕ್ಲಿಪ್ಪಿನ ಹತ್ತಿರ ಬಿರುಕು ಬಿಟ್ಟಿತ್ತು. ಇದು ಸಣ್ಣದಲ್ಲ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಚೆನ್ನೈಗೆ ಹೋಲಿಸಿದರೆ ಇಲ್ಲಿನ ಗಾಳಿ ಶೇ 8ರಷ್ಟು ತೆಳು, ಟರ್ಬೊ ಇಲ್ಲದ ಎಂಜಿನ್ ಅಷ್ಟು ಪವರನ್ನು ಹುಟ್ಟಿನಿಂದಲೇ ಕಳೆದುಕೊಂಡಿರುತ್ತದೆ. ಆ ಕೊರತೆ ತುಂಬಲು ಇರುವ ಟರ್ಬೊ ಬಿರುಕಿನಲ್ಲಿ ಗಾಳಿ ಸೋರಿಸುತ್ತಿದ್ದರೆ ಅದು ಇದ್ದು ಏನು ಬಂತು?

ಇಲ್ಲಿ ಬಹಳ ಜನ ಮಾಡಿಸುವ ಅಗ್ಗದ ಉಪಾಯ ಒಂದಿದೆ: ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಬಿಡುವುದು. ಐದು ನಿಮಿಷದ ಕೆಲಸ, ಎರಡು ದಿನ ಗಾಡಿ ಹಾರುತ್ತದೆ. ಆದರೆ ಒಂದು ಕೆ.ಜಿ. ಡೀಸೆಲ್ ಪೂರ್ತಿ ಉರಿಯಲು 14.5 ಕೆ.ಜಿ. ಗಾಳಿ ಬೇಕು, ಸಿಲಿಂಡರಿನಲ್ಲಿ ಎರಡೂ ಸರಿಯಾಗಿ ಬೆರೆಯಲು ಸಮಯವಿಲ್ಲದ ಕಾರಣ ವಾಸ್ತವದಲ್ಲಿ 18ರಿಂದ 20 ಕೆ.ಜಿ. ಇದ್ದರೇ ಒಳ್ಳೆಯದು. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಸುರಿದರೆ ಉಳಿದದ್ದು ಮಸಿಯಾಗಿ ಹೊರಬರುತ್ತದೆ, ಬೆಂಕಿ ತಡವಾಗಿ ಆರುತ್ತದೆ, ಪಿಸ್ಟನ್ ತಲೆ ಕಾದು ಕರಗುತ್ತದೆ. ಹೆದ್ದಾರಿಯಲ್ಲಿ ಕಾಣುವ ಆ ಕಪ್ಪು ಹೊಗೆಯನ್ನು ಕೆಲವರು ‘ಪವರ್’ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಉರಿಯದೆ ಹೋದ ದುಡ್ಡು.

ದೊಡ್ಡ ಎಂಜಿನ್ ವಿಷಯಕ್ಕೂ ಬರೋಣ. ನಮ್ಮ ತಾತಂದಿರ ಕಾಲದಲ್ಲಿ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ದೇಶದಾದ್ಯಂತ ನಡೆಯುತ್ತಿತ್ತು. ಈಗ ಬೆಂಗಳೂರಿನ ಗುಜರಿಯಲ್ಲಿ ಅಪಘಾತದ ಗಾಡಿಯಿಂದ ಬಿಚ್ಚಿದ ಕಾಮನ್ ರೈಲ್ ಎಂಜಿನ್ ಸಿಗುತ್ತದೆ ನಿಜ. ಅದರ ಜತೆ ಇಸಿಯು, ವೈರಿಂಗ್, ಸೆನ್ಸರ್‌ಗಳು ಒಂದೂ ತಪ್ಪದೆ ಬರಬೇಕು. ಜಾಸ್ತಿ ತಿರುಚುಬಲವನ್ನು ಹಳೇ ಕ್ಲಚ್, ಗೇರ್, ಆಕ್ಸಲ್ ತಡೆಯಬೇಕು. ಬ್ರೇಕ್ ಮಾತ್ರ ಅದೇ ಹಳೆಯದು, ಇದನ್ನು ಯಾರೂ ಕೇಳುವುದಿಲ್ಲ. ಎಲ್ಲಕ್ಕಿಂತ ಮೇಲೆ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಹೇಳಿದ ವಿವರಕ್ಕೂ ಆರ್‌ಸಿಗೂ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಲಾಯಿತು. ಬಾಡಿಗೆ ಗಾಡಿ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್‌ಗೆ ಹೋಗಬೇಕು. ಅಲ್ಲಿ ಎಂಜಿನ್ ನಂಬರ್ ನೋಡುತ್ತಾರೆ. ಅದೇ ಬ್ಲಾಕ್ ಇಟ್ಟುಕೊಂಡು ಬೋರ್ ಮಾಡಿಸಿದರೆ ಅದರ ಮೇಲೆ ಕೊರೆದ ನಂಬರ್ ಹಾಗೇ ಇರುತ್ತದೆ, ಆರ್‌ಸಿಯಲ್ಲಿ ಒಂದಕ್ಷರ ಬದಲಾಗುವುದಿಲ್ಲ. ಚಿಕ್ಕಪ್ಪ ಸುಮ್ಮನಾದದ್ದು ನನ್ನ ಲೆಕ್ಕಕ್ಕಲ್ಲ, ಈ ಮಾತಿಗೆ.

ಹೆಡ್ ತೆಗೆದಾಗ ಮೂರನೇ ಸಿಲಿಂಡರಿನ ರಿಂಗ್ ಮಸಿಯಲ್ಲಿ ಅಂಟಿಕೊಂಡಿತ್ತು, ಗೋಡೆಯ ಮೇಲ್ತುದಿಯಲ್ಲಿ ಉಗುರಿಗೆ ಸಿಗುವಷ್ಟು ಏಣು ಕಟ್ಟಿತ್ತು. ಬ್ಲಾಕ್ ಹೊತ್ತು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಹೋದೆವು.

ಅಲ್ಲಿನ ಬೋರಿಂಗ್ ಶಾಪಿನ ತಾತ ಮೊದಲು ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಮೈಕ್ರೊಮೀಟರನ್ನೇ ನಂಬಿಕೊಂಡು ಈ ಅಂಗಡಿಗೆ ಬಂದವರು. ಒಂದೇ ವಾಕ್ಯದಲ್ಲಿ ತಮಿಳು, ತೆಲುಗು, ಕನ್ನಡ ಮೂರನ್ನೂ ಆಡುತ್ತಾರೆ. ಮೂರು ಕಿಲೋಮೀಟರಿಗೂ ಆಳದ ಗಣಿಯಲ್ಲಿ ಮೇಲೆ ಕೆಳಗೆ ಓಡಾಡುವ ಕೇಜಿನ ಯಂತ್ರ, ಬಂಡೆ ಕೊರೆಯುವ ಡ್ರಿಲ್ಲಿಗೆ ಗಾಳಿ ಒತ್ತುವ ಕಂಪ್ರೆಸರ್ ಕೆಟ್ಟರೆ ಕೆಳಗಿರುವವರ ಜೀವದ ಪ್ರಶ್ನೆ, ಹಾಗಾಗಿ ಅಂದಾಜಿನ ಕೆಲಸ ಅವರಿಗೆ ಒಗ್ಗುವುದಿಲ್ಲ. ಹೆಚ್ಚು ಪವರ್ ಬೇಕೆಂಬ ಹಂಬಲವೂ ಈ ಊರಿಗೆ ಹೊಸದಲ್ಲ. 1902ರ ಜೂನ್ 30ರಂದು ಶಿವನಸಮುದ್ರದಿಂದ 147 ಕಿ.ಮೀ. ತಂತಿ ಎಳೆದು ಇಲ್ಲಿನ ಗಣಿಗೆ ಕರೆಂಟ್ ತಂದರು, ಹಬೆ ಎಂಜಿನ್ನುಗಳು ಪಕ್ಕಕ್ಕೆ ಸರಿದವು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ.

ತಾತ ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಅಡ್ಡ, ಉದ್ದ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಸವೆತ 12 ಥೌ. ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ. 12 ಥೌ ಸುಮಾರು 0.3 ಮಿಲಿಮೀಟರ್. ಈ ಎಂಜಿನ್ನಿನ ಬೋರ್ 88.9 ಮಿ.ಮೀ., ಸ್ಟ್ರೋಕ್ 101.6 ಮಿ.ಮೀ. ವಿಚಿತ್ರ ಸಂಖ್ಯೆ ಅನಿಸುತ್ತದೆ, ಆದರೆ ಇಂಚಿಗೆ ತಿರುಗಿಸಿ: ಮೂರೂವರೆ, ನಾಲ್ಕು! ತಾತನ ಭಾಷೆಯೇ ಸರಿ.

ಅರ್ಧ ಮಿ.ಮೀ. ಓವರ್‌ಸೈಜಿಗೆ ಬೋರ್ ಮಾಡಿ, ಹೊಸ ಪಿಸ್ಟನ್ ಹಾಕಿದೆವು. ಇದರಿಂದ ಎಂಜಿನ್ 2523ರಿಂದ 2551 ಸಿಸಿ ಆಯಿತು, ಬರೀ ಶೇ 1ರ ಏರಿಕೆ. ‘ಬೋರ್ ದೊಡ್ಡದು ಮಾಡಿದ್ದಕ್ಕೆ ಪವರ್ ಬಂತು’ ಎನ್ನುವವರಿಗೆ ಈ ಲೆಕ್ಕ ತೋರಿಸಿ. ಪವರ್ ಬರುವುದು ಸೋರಿಕೆ ನಿಂತದ್ದರಿಂದ. ಗೋಡೆಯಲ್ಲಿ ಹೋನಿಂಗ್ ಗೆರೆಗಳು ಒಂದಕ್ಕೊಂದು ಅಡ್ಡ ಹಾಯಬೇಕು, ಆಗಲೇ ಆಯಿಲ್ ಅಲ್ಲಿ ನಿಲ್ಲುತ್ತದೆ. ಕನ್ನಡಿಯಂತೆ ಹೊಳೆಯುವ ಬೋರ್ ಚೆಂದ, ಬಾಳುವುದಿಲ್ಲ. ವಾಲ್ವ್ ಕೂರಿಸಿದ್ದು, ನಾಜಲ್ ಬದಲಿಸಿದ್ದು, ಪಂಪ್ ಕ್ಯಾಲಿಬ್ರೇಶನ್, ಹೊಸ ಹೋಸ್, ಬೇರಿಂಗ್ ಎಲ್ಲ ಸೇರಿ ಖರ್ಚು 80 ಸಾವಿರದ ಹತ್ತಿರ ಬಂತು. ಮೊದಲ ಸಾವಿರ ಕಿ.ಮೀ. ಅರ್ಧ ಲೋಡಿನಲ್ಲಿ ಓಡಿಸಿ ಆಯಿಲ್ ಬದಲಿಸಬೇಕಾಗಿತ್ತು, ಸುಗ್ಗಿಯಲ್ಲಿ ಅದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಪವರ್ ನಿಜಕ್ಕೂ ಬಂತೇ? ಡೈನಮೊಮೀಟರ್ ಇಲ್ಲದೆಯೂ ತಿಳಿಯಬಹುದು. ಸಮತಟ್ಟು ರಸ್ತೆ, ಗಾಳಿಯಿಲ್ಲದ ಬೆಳಗು, 80 ಬಾಕ್ಸ್ ಲೋಡ್, ಮೂರನೇ ಗೇರ್. ಗಂಟೆಗೆ 30ರಿಂದ 50 ಕಿ.ಮೀ. ಮುಟ್ಟಲು ಎಷ್ಟು ಸೆಕೆಂಡ್ ಎಂದು ಮೊಬೈಲ್ ಜಿಪಿಎಸ್ ಹಿಡಿದು, ಹೋಗುತ್ತಾ ಮೂರು ಸಲ, ಬರುತ್ತಾ ಮೂರು ಸಲ ಅಳೆಯಿರಿ. ಕೆಲಸಕ್ಕೆ ಮುಂಚೆ ಸರಾಸರಿ 13 ಸೆಕೆಂಡ್ ಇತ್ತು, ಈಗ 9. ಮೂರು ಟನ್ನಿನ ಚಲನಶಕ್ತಿ ಎಷ್ಟು ಹೆಚ್ಚಿತು ನೋಡಿ, ಸೆಕೆಂಡಿನಿಂದ ಭಾಗಿಸಿ, ಟೈರು ಮತ್ತು ಗಾಳಿಯ ತಡೆಗೆ ಸುಮಾರು ಐದೂವರೆ ಕಿಲೊವಾಟ್ ಸೇರಿಸಿದರೆ, ಚಕ್ರಕ್ಕೆ ತಲುಪುವ ಸರಾಸರಿ ಪವರ್ 27 ಎಚ್‌ಪಿಯಿಂದ 35ಕ್ಕೆ ಏರಿದೆ. ಘಾಟಿಗೆ ಬೇಕಾದದ್ದು 30 ಎಂದು ಮೊದಲೇ ಹೇಳಿದೆನಲ್ಲ, ಆ ಗೆರೆಯ ಈಚೆಗೆ ಇದ್ದ ಗಾಡಿ ಆಚೆಗೆ ದಾಟಿತು, ಅಷ್ಟೇ. ಹೊಗೆ ಪರೀಕ್ಷೆಯಲ್ಲೂ 2006ರ ಕಾಲದ ಗಾಡಿಗಳಿಗಿರುವ 2.45ರ ಮಿತಿಯೊಳಗೆ ಆರಾಮಾಗಿ ಪಾಸಾಯಿತು.

ಚಿಕ್ಕಪ್ಪ ಈಗ 120 ಬಾಕ್ಸ್ ಹಾಕೋಣ ಅನ್ನುತ್ತಿದ್ದಾರೆ. 40 ಬಾಕ್ಸ್ ಹೆಚ್ಚಾದರೆ ಅದೇ ಏರಿಗೆ 35 ಎಚ್‌ಪಿ ಬೇಕು, ಗಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ ಎಂದು ಹಾಳೆಯಲ್ಲಿ ಬರೆದು ತೋರಿಸಿದ್ದೇನೆ, ಹಾಳೆ ಡ್ಯಾಶ್‌ಬೋರ್ಡಿನಲ್ಲಿದೆ.

ನಮ್ಮ ಬ್ಯಾಚಿನಲ್ಲಿ ಮೆಕ್ಯಾನಿಕಲ್ ತೆಗೆದುಕೊಂಡವರು ಕಡಿಮೆ. ಸ್ವರ್ಣ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಕೋಡಿಂಗ್ ಕ್ಲಾಸಿಗೆ ಹೋಗುವವರೇ ಹೆಚ್ಚು, ನಾನೂ ಶನಿವಾರ ಹೋಗುತ್ತೇನೆ. ಆದರೆ ರಾಬರ್ಟ್‌ಸನ್‌ಪೇಟೆಯ ತಾತನಿಗೆ ಕಣ್ಣು ಮಂಜಾಗುತ್ತಿದೆ, ಮೈಕ್ರೊಮೀಟರ್ ಓದಲು ಪಕ್ಕದಲ್ಲಿ ಯಾರೂ ಇಲ್ಲ. ಬೋರ್ ಅಳೆಯುವುದನ್ನು ಕಲಿಸಿ ಎಂದರೆ ಕಾಸು ಕೇಳುವುದಿಲ್ಲ, ಮಧ್ಯಾಹ್ನ ಮೂರಕ್ಕೆ ಟೀ ತಂದುಕೊಡಬೇಕು.

ಮೆಕ್ಯಾನಿಕ್ ಅಣ್ಣ ಮೊದಲೇ ಎಚ್ಚರಿಸಿದ್ದಂತೆ, ಎಂಜಿನ್ ಗಟ್ಟಿಯಾದ ಮೇಲೆ ಹಳೇ ಕ್ಲಚ್ ಪ್ಲೇಟ್ ಜಾರಲು ಶುರುವಾಗಿದೆ. ಮುಂದಿನ ಭಾನುವಾರ ಬೂದಿಕೋಟೆ ರಸ್ತೆಯ ಶೆಡ್ಡಿನಲ್ಲಿ ಗೇರ್‌ಬಾಕ್ಸ್ ಇಳಿಸುತ್ತೇವೆ.