ತೋಳಿನ ಬಿಲ್ಲೆಯೂ ಕೈಯ ಕಸುಬೂ

ಸ್ಕೌಟು ದಳಕ್ಕೆ ಸೇರಿದ ಬಾಲಕರ ಅಂಗಿಯ ತೋಳಿನ ಮೇಲೆ ಹೊಲಿದಿರುವ ಚಿಕ್ಕ ಬಟ್ಟೆಯ ಬಿಲ್ಲೆಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುವರು. ಶಾಲೆಯಿಂದ ಶಿಬಿರದ ಒಪ್ಪಿಗೆ ಚೀಟಿ ಬಂದಾಗ, "ಈ ಆಟದಿಂದ ಹೊಟ್ಟೆ ತುಂಬೀತೇ? ಅಷ್ಟು ಹೊತ್ತು ಓದಿದರೆ ನಾಲ್ಕು ಅಂಕವಾದರೂ ಹೆಚ್ಚು ಬಂದೀತು" ಎಂದು ತಂದೆಯಾದವನು ಹೇಳುವುದು ಸಹಜವೇ. ಖೋಲಿಯ ಬಾಡಿಗೆ, ಊರಿಗೆ ಕಳುಹಿಸುವ ಹಣ, ಶಾಲೆಯ ಶುಲ್ಕ ಇವುಗಳನ್ನು ಕಳೆದು ಉಳಿಯುವುದೆಷ್ಟೆಂಬುದನ್ನು ಬಲ್ಲ ನಾವು ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾರೆವು. ಆದರೆ ಆ ಬಿಲ್ಲೆ ದೊರೆಯುವ ಬಗೆಯನ್ನು ತಿಳಿದ ಮೇಲೆ ಉತ್ತರ ಕೊಡುವುದು ಲೇಸು.

1907ರ ಆಗಸ್ಟ್ ತಿಂಗಳಲ್ಲಿ ಆಂಗ್ಲ ಸೇನಾನಿ ಬೇಡನ್ ಪೊವೆಲ್ಲರು ಬ್ರೌನ್‌ಸೀ ಎಂಬ ದ್ವೀಪದಲ್ಲಿ ಇಪ್ಪತ್ತರಷ್ಟು ಬಾಲಕರ ಶಿಬಿರ ನಡೆಸಿದರು. ಸಿರಿವಂತರ ಮಕ್ಕಳೂ ಕಾರ್ಮಿಕರ ಮಕ್ಕಳೂ ಅಲ್ಲಿ ಒಂದೇ ಗುಡಾರದ ಕೆಳಗಿದ್ದರು. 1909ರಲ್ಲಿಯೇ ನಮ್ಮ ಬೆಂಗಳೂರಿನಲ್ಲಿ ದಳವೊಂದು ಹುಟ್ಟಿತಾದರೂ ಭಾರತೀಯ ಬಾಲಕರಿಗೆ ಅದರೊಳಗೆ ಪ್ರವೇಶವಿರಲಿಲ್ಲ. ಆ ಬಾಗಿಲನ್ನು ತೆರೆಯಲು ಮದರಾಸಿನಲ್ಲಿ ಆನಿ ಬೆಸೆಂಟರೂ, ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರೂ ಪ್ರತ್ಯೇಕ ಸಂಸ್ಥೆಗಳನ್ನು ಕಟ್ಟಬೇಕಾಯಿತು. 1950ರ ನವೆಂಬರ್ 7ರಂದು ಸಂಸ್ಥೆಗಳು ಒಂದುಗೂಡಿ, ಮರುವರ್ಷ ಬಾಲಿಕೆಯರ ಗೈಡುಗಳೂ ಸೇರಿ, ಇಂದಿನ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು.

ಇಲ್ಲಿ ಮೆಟ್ಟಿಲುಗಳುಂಟು: ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳು, ಬಳಿಕ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಮೆಟ್ಟಿಲೇರುತ್ತಾ ಮಕ್ಕಳು ತಮಗೊಪ್ಪುವ ಕಸುಬುಗಳನ್ನು ಆರಿಸಿ ಕಲಿತು, ಅದನ್ನು ಬಲ್ಲ ಪರೀಕ್ಷಕರೆದುರು ಮಾಡಿ ತೋರಿಸಬೇಕು. ಬಾಯಿಪಾಠ ಇಲ್ಲಿ ಸಾಲದು. ಅಡಿಗೆಯ ಬಿಲ್ಲೆ ಬೇಕಾದವನು ಒಲೆ ಹೊತ್ತಿಸಿ ಬೇಯಿಸಬೇಕು. ದಾರಿ ತೋರುವವನ ಬಿಲ್ಲೆ ಬೇಕಾದವನು ತನ್ನ ಬಡಾವಣೆಯ ಆಸ್ಪತ್ರೆ, ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ, ರೈಲು ನಿಲ್ದಾಣಗಳನ್ನು ಅರಿತು ಅಪರಿಚಿತನನ್ನು ಅಲ್ಲಿಗೆ ಮುಟ್ಟಿಸಬಲ್ಲವನಾಗಬೇಕು. ಪ್ರಥಮ ಚಿಕಿತ್ಸೆಯನ್ನು ಕಲಿತವನು, ಕಾದ ಎಣ್ಣೆ ಸಿಡಿದ ಕೈಗೆ ಶಾಯಿಯನ್ನೋ ಬೆಣ್ಣೆಯನ್ನೋ ಬಳಿಯದೆ, ಇಪ್ಪತ್ತು ನಿಮಿಷ ತಣ್ಣೀರಿನ ಧಾರೆಯ ಕೆಳಗೆ ಹಿಡಿಸುವನು. ನಮ್ಮ ಅಡಿಗೆಮನೆಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಮೆಟ್ಟಿಲೇರುವ ಶಿಕ್ಷಣ ನಮ್ಮವರಿಗೆ ಹೊಸದಲ್ಲ. ಕುಂದಾಪುರದಿಂದಲೋ ಉಡುಪಿಯಿಂದಲೋ ಬಂದ ಹುಡುಗ ಮೊದಲು ಲೋಟ ತೊಳೆದು, ಮೇಜು ಒರಸಿ, ಬಳಿಕ ಮಾಣಿಯಾಗಿ ಬಡಿಸಿ, ಭಟ್ಟರ ಕೈಕೆಳಗೆ ಹಿಟ್ಟಿನ ಹದವನ್ನು ಅರಿತು, ದೋಸೆಯ ಕಾವಲಿಯ ಮುಂದೆ ನಿಂತು, ಯೋಗವಿದ್ದರೆ ಗಲ್ಲಾಪೆಟ್ಟಿಗೆಯ ತನಕ ಏರುತ್ತಿದ್ದ. ಆದರೆ ಅವನ ನೈಪುಣ್ಯಕ್ಕೆ ಯಾರ ಸಾಕ್ಷಿಯೂ ಇರಲಿಲ್ಲ. ಧಣಿ ಬದಲಾದರೆ ಮತ್ತೆ ಲೋಟದಿಂದಲೇ ಆರಂಭ. ಆ ಕಲಿಕೆಗೆ ಅವನು ತೆತ್ತ ಬೆಲೆ ಅವನ ಬಾಲ್ಯವೇ ಆಗಿತ್ತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ಸರಕಾರ ನಿಷೇಧಿಸಿದ್ದು ನ್ಯಾಯವೇ ಸರಿ. ಆದರೆ ಮಗುವಿನ ಕೈಗೆ ಪುಸ್ತಕ ಬಂದಾಗ ಕಸುಬು ಜಾರಿಹೋಗಬೇಕಾಗಿಲ್ಲ. ಬಾಲ್ಯವನ್ನು ಕಸಿಯದೆ ಕೈಗೆ ಕೆಲಸವನ್ನೂ, ಕೆಲಸಕ್ಕೆ ಸಾಕ್ಷಿಯನ್ನೂ ಒದಗಿಸುವ ದಾರಿಯೊಂದು ಇಲ್ಲಿದೆಯೆಂಬುದೇ ನಮ್ಮ ಅಭಿಮತ.

ಒಂದು ಎಚ್ಚರಿಕೆಯೂ ಅವಶ್ಯ. ಮೇಲಿನ ಪುರಸ್ಕಾರ ಪಡೆದವರಿಗೆ ರೈಲ್ವೆ ಇಲಾಖೆಯಲ್ಲಿ ಪ್ರತ್ಯೇಕ ಕೋಟಾ ಉಂಟೆಂದು ತಿಳಿದೊಡನೆ, ಕಲಿಯುವ ಮೊದಲೇ ಪ್ರಮಾಣಪತ್ರಕ್ಕೆ ಆತುರಪಡುವವರುಂಟು. ಕಲಿಯದೆ ಹೊಲಿಸಿಕೊಂಡ ಬಿಲ್ಲೆ ಅಳತೆ ತಪ್ಪಿದ ಸೇರಿನಂತೆ. ಗಿರಾಕಿಗೂ ಮೋಸ, ಅಂಗಡಿಗೂ ಕೆಟ್ಟ ಹೆಸರು. ಬೇಡನ್ ಪೊವೆಲ್ಲರಾದರೂ ಕೆಲಸದ ಅಂದಕ್ಕಿಂತ ಅದರ ಹಿಂದಿನ ಪ್ರಯತ್ನವನ್ನೇ ಅಳೆಯಬೇಕೆಂದರು. ಮಂದಬುದ್ಧಿಯೆನಿಸಿಕೊಂಡ ಹುಡುಗನೂ ಒಂದು ಬಿಲ್ಲೆ ಗಳಿಸಿ ತಲೆಯೆತ್ತಿ ನಡೆಯುವಂತಾಗಲೆಂಬುದೇ ಅದರ ಉದ್ದೇಶ.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮುಂದೆ ಒಪ್ಪಿಗೆ ಚೀಟಿ ಬಂದಾಗ ಶಿಬಿರದಲ್ಲಿ ಏನು ಕಲಿಸುವರೆಂದು ದಳದ ಶಿಕ್ಷಕರನ್ನು ವಿಚಾರಿಸಿರಿ. ಮಗಳಿಗೆ ಗೈಡು ದಳವಿದೆಯೇ ಎಂಬುದನ್ನೂ ಕೇಳಿರಿ. ರಜೆಯ ದಿನ ಒಂದು ಗಂಟೆಯನ್ನು ನೀವೂ ಕೊಡಿರಿ. ಐವತ್ತು ಮಂದಿಗೆ ಸಾರು ಕುದಿಸಬಲ್ಲ ಭಟ್ಟರಿಗಿಂತ, ತಪ್ಪಿಲ್ಲದೆ ಜಮಾಖರ್ಚು ಬರೆಯಬಲ್ಲ ಗುಮಾಸ್ತರಿಗಿಂತ ಒಳ್ಳೆಯ ಗುರುಗಳು ಮಕ್ಕಳಿಗೆ ಎಲ್ಲಿ ಸಿಕ್ಕಾರು? ಯಾರೂ ಬಿಲ್ಲೆ ತೊಡಿಸದ ನಿಮ್ಮ ನೈಪುಣ್ಯವನ್ನು ಮಕ್ಕಳು ಅರಿಯುವುದಕ್ಕೂ ಅದೊಂದು ಸಂದರ್ಭವಾದೀತು.