ಸೀಟು ತಿರುಗುವುದು ಯಾರಿಗಾಗಿ?

ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಕಷ್ಟ ಬಿಇ ಓದುವವರಿಗೆಲ್ಲ ಗೊತ್ತು. ನಮ್ಮ ಮೆಕ್ಯಾನಿಕಲ್ ವಿಭಾಗದಲ್ಲಿ ಪ್ರತಿವರ್ಷ ಅದೇ ತೆಂಗಿನಕಾಯಿ ಸುಲಿಯುವ ಯಂತ್ರ, ಅದೇ ಸೋಲಾರ್ ಹುಲ್ಲು ಕತ್ತರಿಸುವ ಗಾಡಿ, ಅದೇ ಪೆಡಲ್ ತುಳಿದರೆ ನೀರೆತ್ತುವ ಪಂಪು. ಸೀನಿಯರ್‌ಗಳ ರಿಪೋರ್ಟಿಗೆ ಹೊಸ ಮುಖಪುಟ ಹಾಕಿ ಸ್ಪೈರಲ್ ಬೈಂಡ್ ಮಾಡಿಸಿದರೂ ನಡೆಯುತ್ತದೆ ಎನ್ನುವವರೇ ಹೆಚ್ಚು. ನಮ್ಮ ನಾಲ್ವರ ತಂಡ ಈ ಸಲ ಆರಿಸಿಕೊಂಡದ್ದು ಮೋಟರ್‌ಹೋಮ್‌ನ ಡ್ರೈವರ್ ಕ್ಯಾಬಿನ್. ಗಾಡಿ ನಿಂತ ಮೇಲೆ ಆ ಜಾಗದಲ್ಲಿ ನೆಮ್ಮದಿಯಾಗಿ ಕೂರುವಂತೆ ಮಾಡುವುದು ಹೇಗೆ ಎಂಬುದು ಪ್ರಶ್ನೆ. ಕೇಳಿದವರೆಲ್ಲ ನಕ್ಕರು. ಕೂರುವ ಸೀಟಿನಲ್ಲಿ ಕೂರುವುದಕ್ಕೂ ಪ್ರಾಜೆಕ್ಟ್ ಬೇಕಾ ಎಂದರು.

ಬೇಕು. ಮೋಟರ್‌ಹೋಮ್ ಎಂದರೆ ಅಡುಗೆಕಟ್ಟೆ, ಹಾಸಿಗೆ, ಟಾಯ್ಲೆಟ್ ಎಲ್ಲವನ್ನೂ ಹೊತ್ತು ಓಡುವ ಗಾಡಿ. ನಮ್ಮಲ್ಲಿ ಕ್ಯಾರವಾನ್ ಎಂದೇ ರೂಢಿ. ಓಡುವಾಗ ಅದು ವಾಹನ, ನಿಂತಾಗ ಮನೆ. ಆದರೆ ಮನೆಯಾದ ಹೊತ್ತಿನಲ್ಲಿ ಮುಂದಿನ ಕ್ಯಾಬಿನ್ ಯಾವುದಕ್ಕೂ ಬರುವುದಿಲ್ಲ. ಎರಡು ಒಳ್ಳೆಯ ಸೀಟುಗಳು ಗಾಜಿನ ಕಡೆ ಮುಖ ಮಾಡಿ, ಮನೆಗೆ ಬೆನ್ನು ಹಾಕಿ ಕೂತಿರುತ್ತವೆ. ಆರು ಮೀಟರ್ ಉದ್ದದ ಗಾಡಿಯಲ್ಲಿ ಅಷ್ಟು ಜಾಗ ಬಿಟ್ಟುಕೊಡುವುದು ಸಣ್ಣ ನಷ್ಟವೇನಲ್ಲ.

ಯುರೋಪಿನವರು ಬಿಟ್ಟುಕೊಡಲಿಲ್ಲ. ಸಾಮಾನ್ಯ ಕಾರಿನ ಲೈಸೆನ್ಸಿನಲ್ಲಿ ಓಡಿಸಬೇಕಾದರೆ ಗಾಡಿಯ ಒಟ್ಟು ತೂಕ 3,500 ಕೆ.ಜಿ. ಮೀರುವಂತಿಲ್ಲ ಎಂಬುದು ಅಲ್ಲಿ ಬಹುಕಾಲದಿಂದ ಇದ್ದ ನಿಯಮ. ಗಾಡಿಯ ಉದ್ದ ಹೆಚ್ಚಿದರೆ ತೂಕವೂ ಹೆಚ್ಚುತ್ತದೆ. ಹಾಗಾಗಿ ಇರುವ ಜಾಗವನ್ನೇ ಎರಡೆರಡು ಸಲ ಬಳಸುವ ಉಪಾಯ ಹುಡುಕಿದರು. 1981ರಲ್ಲಿ ಬಂದ ಫಿಯೆಟ್ ಡುಕಾಟೊ ವ್ಯಾನ್ ಅಲ್ಲಿನ ಮೋಟರ್‌ಹೋಮ್ ಕಟ್ಟುವವರ ಅಚ್ಚುಮೆಚ್ಚಿನ ಗಾಡಿ. ಎಂಜಿನ್ ಮುಂದಿನ ಮೂತಿಯಲ್ಲಿದೆ, ಮುಂದಿನ ಚಕ್ರಗಳೇ ಎಳೆಯುತ್ತವೆ. ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲದ್ದರಿಂದ ನೆಲ ತಗ್ಗು, ಎರಡು ಸೀಟಿನ ನಡುವೆ ಹಿಂದಕ್ಕೆ ನಡೆದು ಹೋಗುವಷ್ಟು ದಾರಿ. ಗಾಡಿ ನಿಲ್ಲಿಸಿ ಸೀಟನ್ನು ಅರ್ಧ ಸುತ್ತು ತಿರುಗಿಸಿದರೆ ಡ್ರೈವರ್ ಮತ್ತು ಪಕ್ಕದವರು ಹಿಂದಿನ ಮೇಜಿಗೆ ಮುಖ ಮಾಡುತ್ತಾರೆ. ಎದುರಿಗೆ ಇಬ್ಬರು ಕೂರುವ ಬೆಂಚು. ನಾಲ್ವರಿಗೆ ಊಟದ ಮನೆ ಸಿದ್ಧ.

ಕೇಳಲು ಸಲೂನಿನ ಕುರ್ಚಿಯಷ್ಟೇ ಸರಳ. ಆದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. 50 ಸೆಂ.ಮೀ. ಅಗಲ, 55 ಸೆಂ.ಮೀ. ಉದ್ದದ ಸೀಟು ತನ್ನ ನಡುಮಧ್ಯದ ಸುತ್ತ ತಿರುಗಬೇಕಾದರೆ ಅದರ ಕರ್ಣದಷ್ಟು ವ್ಯಾಸದ ವೃತ್ತ ಖಾಲಿ ಬೇಕು, ಅಂದರೆ ಸುಮಾರು 74 ಸೆಂ.ಮೀ. ಒಂದು ಪಕ್ಕದಲ್ಲಿ ಬಾಗಿಲು, ಮುಂದೆ ಸ್ಟಿಯರಿಂಗ್. ಅದಕ್ಕೇ ತಿರುಗುವ ಅಕ್ಷವನ್ನು ಸೀಟಿನ ನಡುವಿನಿಂದ ಪಕ್ಕಕ್ಕೆ ಸರಿಸಿದ ಪ್ಲೇಟುಗಳು ಅಲ್ಲಿ ಸಿಗುತ್ತವೆ. ತಿರುಗುತ್ತಿದ್ದಂತೆ ಸೀಟು ಬಾಗಿಲಿನಿಂದ ದೂರವಾಗಿ ನಡುದಾರಿಯ ಕಡೆಗೆ ಜರುಗುತ್ತದೆ. ಆದರೂ ಕೆಲವು ಗಾಡಿಗಳಲ್ಲಿ ಬಾಗಿಲು ತೆರೆದು, ಒರಗನ್ನು ನೆಟ್ಟಗೆ ಮಾಡಿ, ಸೀಟನ್ನು ಹಿಂದೆ ಮುಂದೆ ಸರಿಸಿ ಹದ ನೋಡಿಕೊಂಡೇ ತಿರುಗಿಸಬೇಕು. ಎಡಗಡೆ ಸ್ಟಿಯರಿಂಗ್ ಇರುವ ಡುಕಾಟೊದಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಸೀಟಿಗೂ ಬಾಗಿಲಿಗೂ ನಡುವೆ. ಅದೂ ಅಡ್ಡ ಬರುತ್ತದೆ.

ಇನ್ನು ಎತ್ತರ. ತಿರುಗುವ ಪ್ಲೇಟ್ ಸೇರಿದರೆ ಸೀಟು ಕೆಲವು ಸೆಂ.ಮೀ. ಮೇಲೇಳುತ್ತದೆ. ಊಟದ ಕುರ್ಚಿಯ ಎತ್ತರ ಸುಮಾರು 45 ಸೆಂ.ಮೀ. ಅದನ್ನು ಬಹಳ ಮೀರಿದರೆ ಪಾದ ನೆಲಕ್ಕೆ ತಾಗದು, ತೊಡೆಯ ಅಡಿ ಒತ್ತಿ ಕಾಲು ಜುಮ್ಮೆನ್ನುತ್ತದೆ. ಆಗ ಸೀಟಿನ ಕೆಳಗಿನ ಪೆಟ್ಟಿಗೆಯನ್ನು ಗಿಡ್ಡದ್ದಕ್ಕೆ ಬದಲಿಸಬೇಕು, ಇಲ್ಲವೇ ಕಾಲಡಿಗೆ ಹಲಗೆ ಹಾಕಿ ನೆಲವನ್ನೇ ಎತ್ತರಿಸಬೇಕು.

ಇದೆಲ್ಲ ಸುಲಭದ ಭಾಗ. ಸೀಟು ಎಂದರೆ ಬರೀ ಕುರ್ಚಿಯಲ್ಲ, ಅಪಘಾತದಲ್ಲಿ ಮನುಷ್ಯನನ್ನು ಹಿಡಿದಿಡುವ ಸಾಧನ. ಸೀಟ್ ಬೆಲ್ಟ್ ಬಿಗಿದಿರುವ ಬಿಂದುಗಳು ಎಷ್ಟು ಗಟ್ಟಿ ಇರಬೇಕು ಎಂಬುದು ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 14ನೇ ನಿಯಮದಲ್ಲಿದೆ. ಕಾರಿನ ವರ್ಗದ ವಾಹನವಾದರೆ ಎದೆಪಟ್ಟಿಗೆ 13,500 ನ್ಯೂಟನ್, ಸೊಂಟದ ಪಟ್ಟಿಗೆ ಮತ್ತೆ 13,500 ನ್ಯೂಟನ್ ಬಲ ಕೊಟ್ಟು ಎಳೆದು ಪರೀಕ್ಷಿಸುತ್ತಾರೆ. ಒಂದೊಂದೂ ಒಂದೂಕಾಲು ಟನ್ನಿಗಿಂತ ಹೆಚ್ಚು ಭಾರ ನೇತುಹಾಕಿದಂತೆ. ಬೆಲ್ಟಿನ ಬಕಲ್ ಸೀಟಿಗೇ ಜೋಡಿಸಿರುವ ಗಾಡಿಯಲ್ಲಿ ಈ ಎಳೆತದ ಒಂದು ಪಾಲು ತಿರುಗುವ ಪ್ಲೇಟಿನ ಮೂಲಕವೇ ನೆಲಕ್ಕೆ ಇಳಿಯಬೇಕು. ಲೇತ್‌ನಲ್ಲಿ ಎರಡು ಎಂಎಸ್ ಪ್ಲೇಟ್ ತಿರುವಿ, ನಡುವೆ ಬೇರಿಂಗ್ ಕೂರಿಸಿ, ನಾಲ್ಕು ಬೋಲ್ಟ್ ಹಾಕಿ ‘ಆಯ್ತು’ ಎನ್ನುವ ಕೆಲಸ ಇದಲ್ಲ. ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಿದ್ದು ಪ್ರದರ್ಶನದಲ್ಲಿ ಚೆನ್ನಾಗಿಯೇ ತಿರುಗೀತು, ಆದರೆ ಅದರ ಮೇಲೆ ಕೂತು ಹೆದ್ದಾರಿಗೆ ಹೋಗುವವರು ಯಾರು? ನಮ್ಮಲ್ಲಿ ಮೋಟರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡ ಇದೆ. ನೋಂದಣಿಯಾದ ಗಾಡಿಯನ್ನು ಮನಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ.

ಇಷ್ಟೆಲ್ಲ ಓದಿಕೊಂಡು ಒಂದು ಭಾನುವಾರ ಅಪ್ಪನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತೆ. ಅಪ್ಪ ಇಪ್ಪತ್ತು ವರ್ಷದಿಂದ ಟೂರಿಸ್ಟ್ ಗಾಡಿಗಳ ಡ್ರೈವರ್. ಮೂರು ವರ್ಷದಿಂದ ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಬಾಡಿಗೆ ಕ್ಯಾರವಾನ್ ಓಡಿಸುತ್ತಿದ್ದಾರೆ. ಟಿಟಿಯ ಮೇಲೆ ಕಟ್ಟಿದ ಗಾಡಿ. ನನ್ನ ಅನಿಮೇಷನ್‌ನಲ್ಲಿ ಸೀಟು ಮೆಲ್ಲಗೆ ತಿರುಗಿ ನಿಂತಿತು. ಅಪ್ಪ ಕನ್ನಡಕ ಮೇಲೇರಿಸಿ ಎರಡು ಸಲ ನೋಡಿ, ‘ನಮ್ ಗಾಡೀಲಿ ಹಿಂಗೆ ತಿರುಗಿಸಿದ್ರೆ ಪ್ಲೈವುಡ್ ಗೋಡೆ ಕಾಣ್ಸುತ್ತೆ ಪುಟ್ಟಿ’ ಎಂದರು.

ಹೌದಲ್ಲ! ಯುರೋಪಿನಲ್ಲಿ ಮೋಟರ್‌ಹೋಮ್ ಓಡಿಸುವವರು ಹೆಚ್ಚಾಗಿ ಅದರ ಯಜಮಾನರೇ, ಇಲ್ಲವೇ ಬಾಡಿಗೆಗೆ ಪಡೆದ ಕುಟುಂಬದವರೇ. ಗಾಡಿ ನಿಂತ ಕೂಡಲೇ ಡ್ರೈವರ್ ಮನೆಯ ಒಬ್ಬರಾಗುತ್ತಾರೆ. ಅವರ ಸೀಟು ಮೇಜಿನ ಕಡೆ ತಿರುಗುವುದು ಸಹಜ. ನಮ್ಮಲ್ಲಿ ಬಾಡಿಗೆ ಕ್ಯಾರವಾನ್ ಜತೆಗೆ ಸಾಮಾನ್ಯವಾಗಿ ಡ್ರೈವರ್ ಬರುತ್ತಾರೆ. ಅಪ್ಪನ ಗಾಡಿಯಲ್ಲಿ ಕ್ಯಾಬಿನ್ನಿಗೂ ಹಿಂದಿನ ಮನೆಗೂ ನಡುವೆ ಗೋಡೆ, ಅದರಲ್ಲಿ ಸರಿಸುವ ಒಂದು ಚಿಕ್ಕ ಕಿಟಕಿ. ಗೋಡೆ ಹಾಕಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ದುಡ್ಡು ಕೊಟ್ಟು ಬಂದ ಕುಟುಂಬಕ್ಕೆ ಅದರದೇ ಏಕಾಂತ ಬೇಕು. ಆದರೆ ಗೋಡೆಯ ಈಚೆಗಿನ ಅರ್ಧವನ್ನು ವಿನ್ಯಾಸ ಮಾಡುವಾಗ ಗಾಡಿ ಓಡುವ ಹೊತ್ತನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ನಿಲ್ಲುವ ಹೊತ್ತನ್ನಲ್ಲ.

ನಿಲ್ಲುವ ಹೊತ್ತೇನು ಕಡಿಮೆಯೇ? ಹಂಪಿಯಲ್ಲಿ ಪ್ರವಾಸಿಗರು ಬೆಳಿಗ್ಗೆ ಇಳಿದರೆ ಮಧ್ಯಾಹ್ನದವರೆಗೆ ಬರುವುದಿಲ್ಲ. ರಾತ್ರಿಯಂತೂ ಪೂರ್ತಿ ನಿಂತಿರುತ್ತದೆ. ಕೆಲವು ರೆಸಾರ್ಟ್‌ಗಳಲ್ಲಿ ಡ್ರೈವರ್‌ಗಳಿಗೆ ಮಲಗುವ ಕೋಣೆ ಇದೆ, ಎಷ್ಟೋ ಕಡೆ ಇಲ್ಲ. ಗೋಡೆಯ ಹಿಂದೆ ಎಸಿ ಹೊರಗಿನ ಪ್ಲಗ್ಗಿನಿಂದ ಕರೆಂಟ್ ತೆಗೆದುಕೊಂಡು ರಾತ್ರಿಯಿಡೀ ಓಡುತ್ತದೆ. ಮುಂದಿನ ಎಸಿ ಎಂಜಿನ್ ಬಂದ್ ಆದರೆ ಬಂದ್. 2025ರ ಅಕ್ಟೋಬರ್ 1ರ ನಂತರ ತಯಾರಾಗುವ, 3.5 ಟನ್ನಿಗಿಂತ ಭಾರದ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಓಡುವಾಗ ಅದು ದೊಡ್ಡ ವರವೇ. ನಿಂತ ಗಾಡಿಯ ಪ್ರಶ್ನೆ ಹಾಗೇ ಉಳಿಯುತ್ತದೆ.

ಅಲ್ಲಿಗೆ ನಮ್ಮ ಪ್ರಾಜೆಕ್ಟಿನ ದಿಕ್ಕು ಬದಲಾಯಿತು. ಸೀಟು ತಿರುಗಿಸದೆ, ಒಂದೂ ಬೋಲ್ಟ್ ಬಿಚ್ಚದೆ, ಗೋಡೆಯ ಈಚೆಗಿನ ಜಾಗದಲ್ಲೇ ಒಬ್ಬರು ಕಾಲು ಚಾಚಿ ಕೂರುವಂತೆ ಮಾಡಬೇಕು. ಬೋಲ್ಟ್ ಮುಟ್ಟದಿದ್ದರೆ ಬೆಲ್ಟಿನ ಬಲದ ಲೆಕ್ಕವೂ ಕೆಡದು, ಗಾಡಿಯ ದಾಖಲೆಗೂ ತೊಂದರೆ ಇಲ್ಲ.

ಗಾಡಿ ಸರ್ವೀಸಿಗೆ ಬಂದ ದಿನ ಮ್ಯಾನೇಜರ್ ಅನುಮತಿ ಪಡೆದು ಟೇಪ್ ಹಿಡಿದು ಹತ್ತಿದೆವು. ಎರಡು ಸೀಟಿನ ನಡುವೆ ಎಂಜಿನ್ನಿನ ಮುಚ್ಚಳ ಉಬ್ಬಿಕೊಂಡಿದೆ. ಡ್ರೈವರ್‌ಗಳು ಇದನ್ನೇ ಬಾನೆಟ್ ಎನ್ನುತ್ತಾರೆ. ಮದುವೆ ದಿಬ್ಬಣದಲ್ಲಿ ಟಿಟಿ ಹತ್ತಿದವರಿಗೆ ಅದರ ಬಿಸಿ ಗೊತ್ತಿರುತ್ತದೆ. ಈ ಗಾಡಿಯಲ್ಲಿ ಅದು ಸೀಟಿಗಿಂತ ನಾಲ್ಕು ಬೆರಳು ತಗ್ಗು. ಅದರ ಮೇಲೆ ಹಲಗೆಯ ಸೇತುವೆ ಹಾಕಿದರೆ ಎರಡೂ ಸೀಟು ಸೇರಿ ಒಂದು ದಿವಾನ ಆಗುತ್ತದೆ.

ಬೆನ್ನು ಯಾವ ಕಡೆ? ನಾನು ಡ್ರೈವರ್ ಬಾಗಿಲಿನ ಕಡೆ ಎಂದು ಕೇಳಿದೆ. ಅಪ್ಪ ತಲೆಯಾಡಿಸಿದರು. ‘ಅಲ್ಲಿ ಮೊಣಕೈಗೆ ಸ್ಟಿಯರಿಂಗ್ ತಾಗುತ್ತೆ. ಅದೂ ಅಲ್ದೆ ಆ ಸೀಟಲ್ಲಿ ಕೂತ್ರೆ ಕಾಲು ತಾನಾಗೇ ಕ್ಲಚ್ ಹುಡುಕುತ್ತೆ. ಡ್ಯೂಟಿ ಮುಗಿದಂಗೇ ಅನ್ನಿಸಲ್ಲ.’ ಈ ಮಾತು ಯಾವ ಎರ್ಗೊನಾಮಿಕ್ಸ್ ಪಠ್ಯದಲ್ಲೂ ನನಗೆ ಸಿಕ್ಕಿಲ್ಲ. ಹಾಗಾಗಿ ಬೆನ್ನು ಎಡಗಡೆಯ ಬಾಗಿಲ ಕಂಬಕ್ಕೆ, ಕಾಲು ಬಾನೆಟ್ ದಾಟಿ ಡ್ರೈವರ್ ಸೀಟಿನ ಮೇಲೆ. ಇದರಿಂದ ಕೇಳದೆಯೇ ಒಂದು ಲಾಭವೂ ಸಿಕ್ಕಿತು. ಹಲಗೆಯ ಕೊನೆ ಡ್ರೈವರ್ ಸೀಟಿನ ಮೇಲೆ ಬರುವುದರಿಂದ ಅದನ್ನು ತೆಗೆಯದೆ ಯಾರೂ ಗಾಡಿ ಓಡಿಸಲಾರರು. ಮರೆತು ಹೊರಡುವ ಭಯವಿಲ್ಲ. ಗೇರ್ ಲಿವರ್‌ಗೆ ಮಾತ್ರ ದೊಡ್ಡ ಸೀಳು ಬಿಟ್ಟಿದ್ದೇವೆ, ಏಕೆಂದರೆ ಇಳಿಜಾರಿನಲ್ಲಿ ನಿಲ್ಲಿಸುವಾಗ ಗಾಡಿಯನ್ನು ಗೇರಿನಲ್ಲೇ ಬಿಡುವುದು ವಾಡಿಕೆ.

ಹಲಗೆ 12 ಮಿ.ಮೀ. ಪ್ಲೈವುಡ್, ನಡುವೆ ಕೀಲು ಹಾಕಿ ಮಡಚುವಂಥದ್ದು. 120 ಸೆಂ.ಮೀ. ಉದ್ದ, 45 ಅಗಲ, ತೂಕ ನಾಲ್ಕು ಕೆ.ಜಿ. ಆಸುಪಾಸು. ಬಾನೆಟ್ಟಿಗೂ ಹಲಗೆಗೂ ನಡುವೆ ಒಂದಿಂಚು ಗಾಳಿ ಆಡುವ ಸಂದು, ಬಿಸಿ ನೇರವಾಗಿ ಹತ್ತದಿರಲಿ ಎಂದು. ಓಡುವಾಗ ಮಡಚಿ ಸೀಟಿನ ಹಿಂದೆ, ಗೋಡೆಗೆ ಒತ್ತಿ ಬೆಲ್ಟಿನಿಂದ ಕಟ್ಟಿಡಬೇಕು. ಸಡಿಲ ಬಿಟ್ಟರೆ ಬ್ರೇಕ್ ಹಾಕಿದಾಗ ಮುಂದಕ್ಕೆ ಹಾರುತ್ತದೆ. ಬಿಸಿಲಿಗೆ ಬೆಳ್ಳಿಬಣ್ಣದ ಹಾಳೆಯನ್ನು ಗಾಜಿನ ಹೊರಗೆ ಹಾಕುವುದು ಒಳ್ಳೆಯದು. ಒಳಗೆ ಹಾಕಿದರೆ ಬಿಸಿಲು ಗಾಜು ದಾಟಿ ಬಂದಿರುತ್ತದೆ, ಶಾಖದ ಒಂದಷ್ಟು ಭಾಗ ಒಳಗೇ ಉಳಿಯುತ್ತದೆ.

ಫ್ಯಾನಿನ ವಿಷಯಕ್ಕೆ ತಂಡದಲ್ಲಿ ಜಗಳವೇ ಆಯಿತು. 12 ವೋಲ್ಟಿನ 15 ವಾಟ್ ಫ್ಯಾನ್ ಎಂಟು ಗಂಟೆ ತಿರುಗಿದರೆ ಹತ್ತು ಆಂಪಿಯರ್-ಅವರ್. ಅದನ್ನು ಎಂಜಿನ್ ಬ್ಯಾಟರಿಯಿಂದ ತೆಗೆಯುವುದು ಸುಲಭ. ಆದರೆ ‘ಬೆಳಿಗ್ಗೆ ಸೆಲ್ಫ್ ಹೊಡೀಲಿಲ್ಲ ಅಂದ್ರೆ ಗೆಸ್ಟ್ ಮುಂದೆ ಮರ್ಯಾದೆ ಹೋಗುತ್ತೆ’ ಎನ್ನುವ ಅಪ್ಪನಂಥವರು ಯಾವತ್ತೂ ಆ ಫ್ಯಾನ್ ಹಾಕುವುದಿಲ್ಲ. ಹಿಂದಿನ ಮನೆಯ ದೀಪಗಳಿಗೆಂದು ಬೇರೆ ಬ್ಯಾಟರಿ ಇದೆ, ಅದಕ್ಕೆ ಹತ್ತು ಆಂಪಿಯರ್-ಅವರ್ ಹೆಚ್ಚಲ್ಲ. ಗೋಡೆಯ ಕಿಟಕಿಯ ಪಕ್ಕದಿಂದ ಫ್ಯೂಸ್ ಸಮೇತ ಒಂದು ವೈರ್ ತಂದರೆ ಸಾಕು. ಅದಕ್ಕೆ ಒಂದು ತೂತು ಬೇಕು, ತೂತಿಗೆ ಕಂಪನಿಯ ಒಪ್ಪಿಗೆ ಬೇಕು. ಹಲಗೆಗೆ ತಕ್ಷಣ ಹೂಂ ಎಂದ ಮ್ಯಾನೇಜರ್ ತೂತಿನ ಮಾತಿಗೆ ‘ನೋಡೋಣ’ ಎಂದಿದ್ದಾರೆ.

‘ಇದರಲ್ಲಿ ಎಂಜಿನಿಯರಿಂಗ್ ಎಲ್ಲಿದೆ?’ ಎಂಬುದು ನಮ್ಮ ಗೈಡ್ ಪ್ರಶ್ನೆ. ತಿರುಗುವ ಸೀಟಿನ ಮಾಡೆಲ್ ಇದ್ದರೆ ವೈವಾದಲ್ಲಿ ಅಂಕ ಬರುತ್ತದೆ, ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ತೋರಿಸಬಹುದು ಎಂದು ತಂಡದ ಇಬ್ಬರ ವಾದ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಮಗೆಲ್ಲ ಮುಂದಿನ ವರ್ಷ ಕೆಲಸ ಬೇಕು. ಕೊನೆಗೆ ಎರಡನ್ನೂ ಇಟ್ಟುಕೊಂಡೆವು. ಸ್ವಿವೆಲ್ ಪ್ಲೇಟಿನ ಬಲದ ವಿಶ್ಲೇಷಣೆ ಸಾಫ್ಟ್‌ವೇರಿನಲ್ಲಿ ನಡೆಯುತ್ತಿದೆ, ರಿಪೋರ್ಟಿನ ಮೊದಲ ಅರ್ಧ ಅದೇ. ಕೈಯಲ್ಲಿ ಮಾಡಿ ತೋರಿಸುವುದು ಮಾತ್ರ ಹಲಗೆ. ಎಂಜಿನಿಯರಿಂಗ್ ಎಲ್ಲಿದೆ ಎಂದು ಹೊರಗಿನ ಪರೀಕ್ಷಕರೂ ಕೇಳಿದರೆ, ಆರಡಿ ಮನುಷ್ಯ ಒಂದು ಗಂಟೆ ಅದರ ಮೇಲೆ ಕೂತು ನೋಡಲಿ ಎನ್ನುವುದು ನನ್ನ ಉತ್ತರ. ಗೈಡ್ ಹಾಗೆಲ್ಲ ಹೇಳಬೇಡ ಎಂದಿದ್ದಾರೆ.

ತಿಪಟೂರಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯ ಆಚಾರ್ರು ಹಲಗೆ ಕೊಯ್ದು ಇಟ್ಟಿದ್ದಾರೆ, ಕೀಲು ಕೂರಿಸುವುದು ಬಾಕಿ. ಮೊನ್ನೆ ರಾತ್ರಿ ಅಪ್ಪ ಕಬಿನಿ ಕಡೆಯಿಂದ ಫೋನ್ ಮಾಡಿದ್ದರು. ಊಟ ಆಯಿತಾ ಎಂದು ಕೇಳುವ ಮೊದಲೇ, ‘ಬಲಗಡೆ ಎರಡಿಂಚು ಕಮ್ಮಿ ಮಾಡ್ಸು, ಹ್ಯಾಂಡ್‌ಬ್ರೇಕ್‌ಗೆ ಕೈ ಹೋಗ್ಬೇಕು. ಹಂಗೇ ಟೀ ಲೋಟ ಇಡೋಕೆ ಒಂದು ತೂತು ಕೊರ್ಸು’ ಎಂದರು. ಲೋಟದ ಬುಡ ಎಷ್ಟಿದೆ ಅಳೆದು ಹೇಳಿ ಎಂದೆ. ಇನ್ನೂ ಹೇಳಿಲ್ಲ. ಸದ್ಯಕ್ಕೆ ಡ್ರಾಯಿಂಗ್‌ನಲ್ಲಿ 75 ಮಿ.ಮೀ. ಎಂದು ಹಾಕಿದ್ದೇನೆ.